ಮನೆಯೊಳಗೆ ಕಡಲನ್ನಿಟ್ಟ ಕಥೆ

ರಾಜಾಜಿನಗರಕ್ಕೂ ಕಡಲಿಗೂ ಯಾವ ನೆಂಟಸ್ತಿಕೆಯೂ ಇಲ್ಲ. 1949ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರನ್ನು ಹೊತ್ತು ಕೈಗಾರಿಕಾ ಉಪನಗರವಾಗಿ ಹುಟ್ಟಿದ ಬಡಾವಣೆ ಇದು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಮಂಗಳೂರಿನ ತೀರವನ್ನು ಕಾಣಬೇಕಾದರೆ ಘಟ್ಟವನ್ನಿಳಿದು ಸುಮಾರು 350 ಕಿಲೋಮೀಟರು ಹೋಗಬೇಕು. ಹೀಗಿದ್ದರೂ ನಮ್ಮ ಮನೆಯ ನಡುಮನೆಯಲ್ಲಿ, ಹಿಂದೆ ನನ್ನ ಪುಸ್ತಕದ ಬೀರು ಇದ್ದ ಸ್ಥಳದಲ್ಲಿ, ಈಗ ಇನ್ನೂರು ಲೀಟರಿನ ಒಂದು ಕಡಲಿದೆ. ಅದರ ಒಡೆಯ ನನ್ನ ಮೊಮ್ಮಗ. ಅದರ ಪ್ರಜೆಗಳು ಕಿತ್ತಳೆ ಬಣ್ಣದ ಮೈಮೇಲೆ ಮೂರು ಬಿಳಿಯ ಪಟ್ಟಿಗಳನ್ನುಟ್ಟ ಎರಡು ಮೀನುಗಳು. ಇಂಗ್ಲಿಷಿನಲ್ಲಿ ಅವನ್ನು ಕ್ಲೌನ್ ಮೀನು ಎನ್ನುತ್ತಾರೆ. ನಮ್ಮ ಯಕ್ಷಗಾನದ ಪೂರ್ವರಂಗದಲ್ಲಿ ಕುಣಿದು ಹೋಗುವ ಕೋಡಂಗಿಗಳನ್ನು ಬಲ್ಲವರು ಇವನ್ನು ಕೋಡಂಗಿ ಮೀನು ಎಂದು ಕರೆದರೆ ತಪ್ಪಾಗದು.

ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದ ನನಗೆ ಮೀನಿನ ವಿಷಯವಾಗಿ ಮಾತನಾಡುವ ಅಧಿಕಾರವೇನು ಎಂದು ಕೇಳಬಹುದು. ಅಧಿಕಾರವಿಲ್ಲ, ಕುತೂಹಲವುಂಟು. ಕಡಲನ್ನು ಮನೆಗೆ ತರಬಹುದೆಂಬ ಆಲೋಚನೆ ಮನುಷ್ಯನಿಗೆ ಎಂದು ಬಂದಿತು, ಅದನ್ನು ಸಾಧಿಸುವುದಕ್ಕೆ ಅವನು ಏನೇನನ್ನು ಕಲಿಯಬೇಕಾಯಿತು, ಕಲಿಯುವುದಕ್ಕೆ ಮೊದಲು ಏನೇನನ್ನು ಕೊಂದ, ಇದು ಒಂದು ಚರಿತ್ರೆ. ಚರಿತ್ರೆಯೆಂದರೆ ರಾಜರ ಕಾಳಗಗಳಷ್ಟೇ ಅಲ್ಲವಲ್ಲ!

ಮೊದಲು ಈ ಮೀನಿನ ಸಂಗತಿ. ಹವಳದ ದಿಬ್ಬಗಳ ನಡುವೆ ಅನಿಮೋನ್ ಎಂಬ, ನೋಡಲು ಹೂವಿನಂತಿರುವ, ವಾಸ್ತವವಾಗಿ ಪ್ರಾಣಿಯಾದ ಒಂದು ಜೀವವಿದೆ. ಅದರ ಎಸಳುಗಳಂತಹ ಗ್ರಹಣಾಂಗಗಳಲ್ಲಿ ವಿಷದ ಕುಟುಕು ಕಣಗಳಿವೆ. ಬೇರೆ ಚಿಕ್ಕ ಮೀನು ತಗುಲಿದರೆ ಸತ್ತು ಅದಕ್ಕೆ ಆಹಾರವಾಗುತ್ತದೆ. ನಮ್ಮ ಕೋಡಂಗಿ ಮೀನು ಮಾತ್ರ ತನ್ನ ಮೈಯ ಲೋಳೆಯ ರಕ್ಷೆಯಿಂದ ಆ ವಿಷದ ಹಾಸಿಗೆಯಲ್ಲಿಯೇ ಮಲಗಿ ಏಳುತ್ತದೆ. ಕತ್‌ಬರ್ಟ್ ಕಾಲಿಂಗ್‌ವುಡ್ ಎಂಬ ಇಂಗ್ಲಿಷ್ ನಿಸರ್ಗತಜ್ಞ ಚೀನಾ ಸಮುದ್ರದಲ್ಲಿ ಈ ಸಹವಾಸವನ್ನು ಕಂಡು 1868ರಲ್ಲಿ ಬರೆದು ಪ್ರಕಟಿಸಿದ. ಇನ್ನೊಂದು ವಿಚಿತ್ರ 1977ರಲ್ಲಿ ಪ್ರಕಟವಾದ ಫ್ರಿಕ್ ದಂಪತಿಗಳ ಅಧ್ಯಯನದಿಂದ ಲೋಕಕ್ಕೆ ಚೆನ್ನಾಗಿ ತಿಳಿಯಿತು. ಈ ಮೀನುಗಳ ಸಂಸಾರದಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದೇ ಯಜಮಾನಿ. ಅದು ಸತ್ತರೆ ಅದರ ಗಂಡನೇ ಕೆಲವು ಕಾಲದಲ್ಲಿ ಹೆಣ್ಣಾಗಿ ಯಜಮಾನಿಕೆಯನ್ನು ವಹಿಸಿಕೊಳ್ಳುತ್ತದೆ. ಮಹಾಭಾರತದ ಶಿಖಂಡಿಯ ಕಥೆಯನ್ನು ಬಲ್ಲ ನಮಗೆ ಇದರಲ್ಲಿ ಅಷ್ಟೇನೂ ಬೆರಗಾಗಬೇಕಿಲ್ಲ.

ಮೀನನ್ನು ಕಂಡು ಸಂತೋಷಪಡುವುದು ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಕಡಲಿನ ಮೀನು, ಸಿಹಿನೀರಿನ ಮೀನು ಎಂದು ವಿಂಗಡಿಸಿ, ಯಾವ ಮೀನಿಗೆ ಯಾವ ಆಹಾರ ಪ್ರಿಯ ಎಂಬುದನ್ನು ಆ ದೊರೆ ವಿವರಿಸಿದ್ದಾನೆ. ಉದ್ದೇಶ ಗಾಳ ಹಾಕುವುದಾದರೂ ನೋಟ ಮಾತ್ರ ಶಾಸ್ತ್ರಜ್ಞನದು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಮತ್ಸ್ಯವಿಜ್ಞಾನಿ ಸುಂದರಲಾಲ ಹೋರಾ ಅವರು ಈ ಭಾಗವನ್ನು ಪರಿಶೀಲಿಸಿ ಲೇಖನ ಬರೆದರು. ಇನ್ನು ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಅಕ್ಕಿ, ಪುರಿ ಎರಚಿ ಬೆಳೆದವರು ನಾವು. ಆದರೆ ಹರಿಯುವ ನದಿಯಲ್ಲಿ ಮೀನನ್ನು ಕಾಪಾಡುವವಳು ನದಿ. ನಾವು ಕೊಡುವ ಅಕ್ಕಿ ಬರಿಯ ಉಪಚಾರ. ನಿಂತ ನೀರಿನಲ್ಲಿ, ಅದರಲ್ಲಿಯೂ ಉಪ್ಪುನೀರಿನಲ್ಲಿ, ಜೀವವನ್ನು ಉಳಿಸುವುದು ಬೇರೆಯೇ ವಿದ್ಯೆ.

ಆ ವಿದ್ಯೆಯ ಮೊದಲ ಪಾಠಗಳನ್ನು ಕಲಿತವರಲ್ಲಿ ಇಬ್ಬರು ಹೆಂಗಸರು ಮುಖ್ಯರು. ಫ್ರಾನ್ಸಿನಲ್ಲಿ ಹುಟ್ಟಿ, ಬಟ್ಟೆ ಹೊಲಿಯುವ ಕೆಲಸದಿಂದ ಜೀವನ ಆರಂಭಿಸಿದ ಜೀನ್ ವಿಲ್‌ಪ್ರೊ ಪವರ್ ಎಂಬಾಕೆ ಮದುವೆಯಾಗಿ ಸಿಸಿಲಿ ದ್ವೀಪದಲ್ಲಿ ನೆಲೆಸಿ, 1832ರ ಸುಮಾರಿಗೆ ಗಾಜಿನ ತೊಟ್ಟಿಗಳಲ್ಲಿ ಕಡಲಿನ ಜೀವಿಗಳನ್ನಿಟ್ಟು ಅಭ್ಯಾಸ ಮಾಡಿದಳು. ಆರ್ಗೊನಾಟ್ ಎಂಬ ಎಂಟು ತೋಳಿನ ಜೀವಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೆಂದು ತೋರಿಸಿಕೊಟ್ಟವಳು ಈಕೆ. ಎರಡನೆಯವಳು ಲಂಡನ್ನಿನ ಆನ್ನಾ ಥಿನ್. 1846ರಲ್ಲಿ ಕಡಲತೀರದಿಂದ ಕೆಲವು ಜೀವಂತ ಹವಳಗಳನ್ನು ಜಾಡಿಯಲ್ಲಿ ಮನೆಗೆ ತಂದಳು. ಹೊಸ ಕಡಲನೀರು ದಿನವೂ ದೊರೆಯುವಂತಿರಲಿಲ್ಲ. ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಹೊಯ್ದು ಹೊಯ್ದು ಗಾಳಿ ಬೆರೆಸಿದರೆ ಅವು ಬದುಕುತ್ತವೆಂದು ಕಂಡುಕೊಂಡಳು. ದಿನವೂ ಅರ್ಧ ಮುಕ್ಕಾಲು ಗಂಟೆಯ ಕಾಲ ಹಾಗೆ ನೀರು ಹೊಯ್ದವಳು ಆಕೆಯ ಮನೆಯ ಕೆಲಸದವಳು. ಯಜಮಾನಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ತೋಳು ನೋಯಿಸಿಕೊಂಡವಳು ‘ಕೆಲಸದವಳು’ ಆಗಿಯೇ ಉಳಿದಳು. ಈ ಹೆಂಗಸಿನ ನೆನಪನ್ನು ಓದುಗರು ಸ್ವಲ್ಪ ಹೊತ್ತು ಕಾದಿರಿಸಿಕೊಳ್ಳಬೇಕು.

1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. 1850ರಲ್ಲಿ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಜ್ಞ ಮೀನು, ನೀರುಗಿಡ, ಬಸವನಹುಳು ಈ ಮೂರನ್ನು ಒಂದೇ ತೊಟ್ಟಿಯಲ್ಲಿಟ್ಟರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆಂದು ವರದಿ ಮಾಡಿದ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗತಜ್ಞನ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಹೊರಬಂದು, ಆ ಹೆಸರೇ ಎಲ್ಲೆಡೆ ಬಳಕೆಗೆ ಬಂತು.

ಗಾಸ್ ಮಾಡಿದ ದೊಡ್ಡ ಕೆಲಸವೊಂದು ನಮ್ಮಂತಹ ಒಳನಾಡಿನವರಿಗೆ ನೇರವಾಗಿ ಸಂಬಂಧಿಸಿದ್ದು. ಕಡಲನ್ನು ಹೊತ್ತು ತರದೆ, ಇದ್ದಲ್ಲಿಯೇ ತಯಾರಿಸುವುದು ಹೇಗೆಂದು ಆತ ಸೂತ್ರ ಬರೆದ. ‘ತಾತ, ಕಾವೇರಿ ನೀರಿಗೆ ಉಪ್ಪು ಹಾಕಿದರೆ ಸಮುದ್ರ ಆಯಿತಲ್ಲ?’ ಎಂದು ಮೊಮ್ಮಗ ನನ್ನನ್ನು ಕೇಳಿದ್ದ. ನಾನೂ ಹಾಗೆಂದೇ ತಿಳಿದಿದ್ದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಿದವರಿಗೆ ಇದರ ಉತ್ತರ ಸುಲಭವಾಗಿ ತಿಳಿಯುತ್ತದೆ. ಕಡಲನೀರು ಬಿಸಿಲಿಗೆ ಬತ್ತುವಾಗ ಅದರಲ್ಲಿದ್ದುದೆಲ್ಲ ಒಟ್ಟಿಗೆ ಕೆಳಗಿಳಿಯುವುದಿಲ್ಲ. ಮೊದಲು ಸುಣ್ಣದ ಅಂಶ ಜಿಪ್ಸಮ್ ಆಗಿ ತಳಕ್ಕಿಳಿಯುತ್ತದೆ. ಆಮೇಲೆ ನಾವು ತಿನ್ನುವ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಮ್ ಮುಂತಾದವು ಕಹಿನೀರಾಗಿ ಕೊನೆಗೆ ಉಳಿಯುತ್ತವೆ. ಆದ್ದರಿಂದ ಅಡುಗೆಯ ಉಪ್ಪು ಕಡಲಿನ ಮಗಳು ನಿಜ, ಆದರೆ ತಾಯಿಯ ಗುಣಗಳೆಲ್ಲ ಮಗಳಲ್ಲಿಲ್ಲ. ಗಾಸ್ ಅಡುಗೆಯ ಉಪ್ಪಿನೊಡನೆ ಎಪ್ಸಮ್ ಉಪ್ಪು, ಮೆಗ್ನೀಸಿಯಮ್ ಕ್ಲೋರೈಡ್, ಪೊಟ್ಯಾಸಿಯಮ್ ಕ್ಲೋರೈಡ್ ಈ ಮೂರನ್ನು ಅಳತೆಯರಿತು ಬೆರೆಸಿ ಕಡಲನೀರು ಮಾಡಿದ. ಇಂದು ಪೊಟ್ಟಣದಲ್ಲಿ ಸಿಗುವ ಕಡಲುಪ್ಪು ಆ ಸೂತ್ರದ ಸಂಸ್ಕರಿಸಿದ ರೂಪ. ಲೀಟರಿಗೆ ಸುಮಾರು 35 ಗ್ರಾಂ. ನಮ್ಮ ಇನ್ನೂರು ಲೀಟರಿಗೆ ಏಳು ಕಿಲೋ.

ಆದರೆ ಗಾಸನ ಕಥೆಯ ಕೊನೆ ದುಃಖದ್ದು. ಅವನ ಪುಸ್ತಕವನ್ನೋದಿದ ಜನ ಸಾವಿರಗಟ್ಟಲೆಯಾಗಿ ಬುಟ್ಟಿ, ಉಳಿ ಹಿಡಿದು ಕಡಲತೀರಕ್ಕೆ ಧಾವಿಸಿದರು. ಬಂಡೆಗಳ ನಡುವಿನ ಕೊಳಗಳಿಂದ ಅನಿಮೋನ್‌ಗಳನ್ನು ಎಬ್ಬಿ ಎಬ್ಬಿ ಒಯ್ದರು. ಮನೆಗೆ ಒಯ್ದವುಗಳಲ್ಲಿ ಬಹುಪಾಲು ಸತ್ತವು; ತೀರದ ಕೊಳಗಳು ಬರಿದಾದವು. ಅವನ ಮಗ ಎಡ್ಮಂಡ್ ಗಾಸ್ ತಂದೆಯ ನೆನಪಿನಲ್ಲಿ 1907ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಈ ನಾಶವನ್ನೂ, ಅದು ತಂದೆಗೆ ಉಂಟುಮಾಡಿದ ನೋವನ್ನೂ ದಾಖಲಿಸಿದ್ದಾನೆ. ಪ್ರೀತಿಸಲು ಕಲಿಸಿದವನೇ ಕೊಳ್ಳೆಗೆ ದಾರಿ ತೋರಿದಂತಾಯಿತು.

ಭಾರತದಲ್ಲಿ ಮೊದಲ ಮತ್ಸ್ಯಾಲಯ 1909ರಲ್ಲಿ ಮದರಾಸಿನ ಮೆರೀನಾ ತೀರದಲ್ಲಿ ತೆರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿಹೋಯಿತು. 1951ರಲ್ಲಿ ಮುಂಬಯಿಯಲ್ಲಿ ತಾರಾಪೊರವಾಲಾ ಮತ್ಸ್ಯಾಲಯ ಬಂತು. ಇವೆರಡೂ ಕಡಲ ದಂಡೆಯವು. ಬೆಂಗಳೂರಿಗೆ ಆ ಭಾಗ್ಯ ಬಂದದ್ದು 1983ರಲ್ಲಿ, ಕಬ್ಬನ್ ಉದ್ಯಾನದ ಅಂಚಿನ ಎಂಟು ಮೂಲೆಯ ಕಟ್ಟಡದಲ್ಲಿ. ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಅಲ್ಲಿ ಗಾಜಿಗೆ ಮೂಗು ಒತ್ತಿ ನಿಂತಿದ್ದೆ. ಅಂದು ನನ್ನ ಕಣ್ಣನ್ನು ಸೆಳೆದದ್ದು ಸಿಹಿನೀರಿನ ಮೀನುಗಳು. ಕಡಲಿನ ಮೀನು ರಾಜಾಜಿನಗರದ ಮನೆಗೆ ಬಂದೀತೆಂದು ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಕೋಡಂಗಿ ಮೀನಿನ ತವರೂರಾದ ಹವಳದ ಕಡಲಿಗೂ ಕನ್ನಡ ನಾಡಿಗೂ ಸಂಬಂಧವೇ ಇಲ್ಲವೆಂದು ತಿಳಿಯಬಾರದು. ಲಕ್ಷದ್ವೀಪ ಸಮೂಹದ ಉತ್ತರ ಭಾಗದಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳಿವೆ. ಇವನ್ನು ಅಮಿನ್‌ದೀವಿ ದ್ವೀಪಗಳೆನ್ನುತ್ತಿದ್ದರು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಈ ದ್ವೀಪದವರು 1787ರಲ್ಲಿ ಟಿಪ್ಪುಸುಲ್ತಾನನ ಆಶ್ರಯಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಕನ್ನಡ ಜಿಲ್ಲೆಗೆ ಸೇರಿದವು. ಅಲ್ಲಿಂದ 1956ರವರೆಗೆ ಅವುಗಳ ಆಡಳಿತ ನಡೆದದ್ದು ಮಂಗಳೂರಿನ ಕಲೆಕ್ಟರರ ಕೈಕೆಳಗೆ. ಅಮಿನಿಯಲ್ಲಿ ಮಣೇಗಾರನೆಂಬ ಅಧಿಕಾರಿಯಿದ್ದ. ದ್ವೀಪದ ತೆಂಗಿನ ನಾರು ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬರುತ್ತಿತ್ತು. ಅದಕ್ಕೆ ಬದಲಾಗಿ ಅಕ್ಕಿ ಹಿಂದಿರುಗುತ್ತಿತ್ತು. ಒಂದೂವರೆ ಶತಮಾನಕ್ಕೂ ಮಿಕ್ಕಿ ನಮ್ಮ ಜಿಲ್ಲೆಯೊಂದರ ಲೆಕ್ಕಪತ್ರದಲ್ಲಿ ಹವಳದ ದಿಬ್ಬಗಳೂ ಅವುಗಳ ಮೀನುಗಳೂ ಸೇರಿದ್ದವು. ನಾರಿನ ಲೆಕ್ಕ ಬರೆದ ಗುಮಾಸ್ತರು ಮೀನಿನ ಲೆಕ್ಕ ಬರೆಯಲಿಲ್ಲ, ಅಷ್ಟೆ. ಆ ಕೊರತೆಯನ್ನು ಬಹು ಕಾಲದ ಮೇಲೆ, 1980ರಲ್ಲಿ, ಎಸ್. ಜೋನ್ಸ್ ಮತ್ತು ಎಂ. ಕುಮಾರನ್ ಎಂಬ ವಿಜ್ಞಾನಿಗಳು ಆ ದ್ವೀಪಗಳ ಮೀನುಗಳ ಮೇಲಿನ ಗ್ರಂಥದಿಂದ ತುಂಬಿದರು.

ಇನ್ನು ನಮ್ಮ ಮನೆಯ ಕಡಲಿಗೆ ಬರುತ್ತೇನೆ. ಮೊದಲ ಬಾರಿ ತಂದ ಮೂರು ಮೀನುಗಳು ಒಂದು ವಾರ ಬದುಕಲಿಲ್ಲ. ತೊಟ್ಟಿ ಹೊಸದು, ಗಾಜು ಥಳಥಳ, ನೀರು ಕನ್ನಡಿಯಂತೆ ತಿಳಿ, ಉಪ್ಪಿನ ಅಳತೆ ಸರಿ, ಉಷ್ಣತೆ 26 ಡಿಗ್ರಿ. ಆದರೂ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಟ್ಟು, ಒಂದೊಂದಾಗಿ ಮಗುಚಿಕೊಂಡವು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಾರಿದವರ ಮೇಲೆ ಕೋಪಿಸಿಕೊಂಡೆವು. ಅನಂತರ ಓದಿ ತಿಳಿದಾಗ ತಪ್ಪು ನಮ್ಮದೇ ಎಂದು ಗೊತ್ತಾಯಿತು. ನಾವು ನೀರನ್ನು ಸಿದ್ಧಪಡಿಸಿದ್ದೆವು. ನೀರಿನಲ್ಲಿ ಜೀವವನ್ನು ಸಿದ್ಧಪಡಿಸಿರಲಿಲ್ಲ.

ಮೀನು ಉಸಿರಾಡುವಾಗಲೂ ವಿಸರ್ಜಿಸುವಾಗಲೂ ಅಮೋನಿಯ ಹೊರಬರುತ್ತದೆ. ಅಮೋನಿಯ ಮೀನಿಗೆ ವಿಷ. ಕಡಲಿನಲ್ಲಿ ಆ ವಿಷ ನಿಲ್ಲದಿರುವುದಕ್ಕೆ ಕಾರಣ ಕಡಲಿನ ವೈಶಾಲ್ಯ ಮಾತ್ರವಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳ ಎರಡು ಪಂಗಡಗಳೂ ಕಾರಣ. ಒಂದು ಪಂಗಡ ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ಅದೂ ವಿಷವೇ. ಇನ್ನೊಂದು ಪಂಗಡ ಅದನ್ನು ಅಷ್ಟು ಕೇಡಿಲ್ಲದ ನೈಟ್ರೇಟ್ ಆಗಿಸುತ್ತದೆ. ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್ಸ್ಕಿ 1890ರ ಸುಮಾರಿಗೆ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ. ಅವನು ಅಭ್ಯಾಸ ಮಾಡಿದ್ದು ಮಣ್ಣನ್ನು. ಅದರ ಫಲ ದೊರೆತದ್ದು ಮೀನಿಗೂ. 1961ರಲ್ಲಿ ಇಂಡೊನೇಷ್ಯದ ಲೀ ಚಿನ್ ಎಂಗ್ ಎಂಬಾತ, ಕಡಲಿನಿಂದ ತಂದ ಜೀವಸಹಿತವಾದ ಕಲ್ಲುಗಳನ್ನೂ ಗಾಳಿಯ ಗುಳ್ಳೆಗಳನ್ನೂ ಬಳಸಿ ಮನೆಯ ತೊಟ್ಟಿಯನ್ನು ಆರೋಗ್ಯವಾಗಿಡುವ ಕ್ರಮವನ್ನು ಪ್ರಕಟಿಸಿದ. ಆ ಕಲ್ಲಿನ ಸಂದುಗಳಲ್ಲಿ ನೆಲೆಸಿದ್ದ ಅಗೋಚರ ಕೆಲಸಗಾರರೇ ಅದರ ಗುಟ್ಟು. ಹೊಸ ತೊಟ್ಟಿಯಲ್ಲಿ ಈ ಕೆಲಸಗಾರರು ನೆಲೆಯೂರುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಮಾಡಬೇಕಾದ ಕೆಲಸ ಮುಖ್ಯವಾಗಿ ಕಾಯುವುದು. ಎರಡನೆಯ ಬಾರಿ ನಾವು ಆರು ವಾರ ಬರಿಯ ನೀರನ್ನು ನೋಡುತ್ತ ಕುಳಿತೆವು. ಮನೆಗೆ ಬಂದ ನೆಂಟರು ‘ಮೀನೆಲ್ಲಿ?’ ಎಂದು ಕೇಳಿ ನಕ್ಕರು. ಆದರೆ ಈಗಿರುವ ಮೀನುಗಳು ಮೂರನೆಯ ವರ್ಷಕ್ಕೆ ಕಾಲಿಟ್ಟಿವೆ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬದುಕಬಲ್ಲವಂತೆ. ಎಂದರೆ ಅವು ನನಗಿಂತ ಹೆಚ್ಚು ಕಾಲ ಇದ್ದಾವು.

ಈ ಕಡಲಿಗೆ ನೀರು ಎಲ್ಲಿಯದು? ಪಶ್ಚಿಮ ಬೆಂಗಳೂರಿನ ಹಳಬರಿಗೆ ಅರ್ಕಾವತಿಯ ತಿಪ್ಪಗೊಂಡನಹಳ್ಳಿ ಜಲಾಶಯ ನೆನಪಿರುತ್ತದೆ. 1933ರಲ್ಲಿ ಸಿದ್ಧವಾದ ಅದೇ ಬಹು ಕಾಲ ನಮ್ಮ ಭಾಗಕ್ಕೆ ನೀರು ಕೊಟ್ಟಿತು. 1974ರಲ್ಲಿ ಕಾವೇರಿ ನೂರು ಕಿಲೋಮೀಟರು ದೂರದಿಂದ ಬೆಟ್ಟವೇರಿ ಬಂದಳು. ನಲ್ಲಿಯ ನೀರಿನಲ್ಲಿ ನಮ್ಮನ್ನು ಕಾಯುವ ಕ್ಲೋರಿನ್ ಮೀನನ್ನು ಕೊಲ್ಲುತ್ತದೆ. ಕೊಳವೆಬಾವಿಯ ನೀರು ಗಡುಸು. ಆದ್ದರಿಂದ ನೀರನ್ನು ಯಂತ್ರದಲ್ಲಿ ಶುದ್ಧಿಗೊಳಿಸಿ, ಅದಕ್ಕೆ ಉಪ್ಪು ಬೆರೆಸಬೇಕು. ಶುದ್ಧಿಗೊಳಿಸುವಾಗ ದೊರೆಯುವ ನೀರಿಗಿಂತ ಚೆಲ್ಲುವ ನೀರೇ ಹೆಚ್ಚು. 2024ರ ಬೇಸಿಗೆಯಲ್ಲಿ ನಗರವೆಲ್ಲ ಟ್ಯಾಂಕರಿಗಾಗಿ ಕಾದಾಗ ನಮ್ಮ ಮನೆಯಲ್ಲಿ ಈ ವಿಷಯವಾಗಿ ದೊಡ್ಡ ಚರ್ಚೆಯೇ ನಡೆಯಿತು. ಜನಕ್ಕಿಲ್ಲದ ನೀರು ಮೀನಿಗೇಕೆ ಎಂದು ನನ್ನ ಮನೆಯವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ. ಚೆಲ್ಲುವ ನೀರನ್ನೆಲ್ಲ ಹಿಡಿದು ನೆಲ ಒರೆಸುವುದಕ್ಕೂ ಪಾತ್ರೆ ತೊಳೆಯುವುದಕ್ಕೂ ಬಳಸುವುದೆಂಬ ಒಪ್ಪಂದದ ಮೇಲೆ ಮೀನುಗಳಿಗೆ ಕ್ಷಮಾದಾನ ದೊರೆಯಿತು.

ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ನಮ್ಮ ಮನೆಯಿಂದ ಹೊರಟ ಬಳಸಿದ ನೀರು ಹೋಗುವುದು ವೃಷಭಾವತಿಯ ಕಡೆಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಐತಿಹ್ಯವಿರುವ ನದಿ ಅವಳು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಹಾದು, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆ ಸೇರಿ, ಮುಂದೆ ಅರ್ಕಾವತಿಯಲ್ಲಿ, ಅರ್ಕಾವತಿ ಸಂಗಮದಲ್ಲಿ ಕಾವೇರಿಯಲ್ಲಿ ಒಂದಾಗುತ್ತಾರೆ. ಅವಳ ದಂಡೆಯಲ್ಲಿ ಮೂಗು ಮುಚ್ಚದೆ ನಿಲ್ಲಲಾಗದು. ಅಲ್ಲಿ ನಡೆದಿರುವುದು ನಮ್ಮ ತೊಟ್ಟಿಯಲ್ಲಿ ಮೊದಲ ವಾರ ನಡೆದದ್ದೇ: ಅಗೋಚರ ಕೆಲಸಗಾರರ ಶಕ್ತಿಗೆ ಮೀರಿದ ಹೊಲಸು, ಅವರಿಗೆ ಬೇಕಾದ ಆಮ್ಲಜನಕದ ಅಭಾವ. ಇನ್ನೂರು ಲೀಟರಿಗೆ ಒಂದು ನಿಯಮ, ಒಂದು ನದಿಗೆ ಇನ್ನೊಂದು ನಿಯಮ ಎಂಬುದಿಲ್ಲ. ಗಾಜಿನೊಳಗೆ ಪರರ ಕಡಲನ್ನು ಹನಿಹನಿಯಾಗಿ ಪರೀಕ್ಷಿಸಿ ಕಾಯುವ ನಾವು, ಮನೆಯ ಹಿತ್ತಲಲ್ಲಿ ಹರಿದ ನಮ್ಮದೇ ನದಿಯನ್ನು ಒಂದು ದಿನವೂ ಪರೀಕ್ಷಿಸಲಿಲ್ಲ.

ಗಾಸನ ಕಾಲದ ತಪ್ಪನ್ನು ತಿದ್ದಿಕೊಳ್ಳುವ ದಾರಿ ಇಂದು ಉಂಟು. 1970ರ ದಶಕದ ಆರಂಭದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮಾರ್ಟಿನ್ ಮೋ ಎಂಬಾತ ಕೋಡಂಗಿ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸಿ ಮಾರಾಟಕ್ಕೆ ಬೆಳೆಸಿದ. ಕಳೆದ ಶತಮಾನದ ಕೊನೆಯ ವರ್ಷಗಳಿಂದ ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಈ ವಿದ್ಯೆಯನ್ನು ಕೈವಶ ಮಾಡಿಕೊಂಡಿದ್ದಾರೆ. ಮೊಟ್ಟೆ ಒಡೆಯುವುದಕ್ಕೆ ಸುಮಾರು ಒಂದು ವಾರ. ಅಲ್ಲಿಯವರೆಗೆ ಅದಕ್ಕೆ ರೆಕ್ಕೆಯಿಂದ ಗಾಳಿ ಹಾಕುತ್ತ ಕಾಯುವವನು ಗಂಡುಮೀನು. ನಮ್ಮ ಮನೆಯ ಎರಡೂ ಮೀನುಗಳು ಹೀಗೆ ತೊಟ್ಟಿಯಲ್ಲಿ ಹುಟ್ಟಿದವು; ಅವು ಕಡಲನ್ನು ಕಂಡೇ ಇಲ್ಲ. ಕಲ್ಲುಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿ ಅವನ್ನು ಕೀಳುವುದನ್ನೂ ಮಾರುವುದನ್ನೂ ನಿಷೇಧಿಸಿದ್ದಾರೆ. ಅಷ್ಟರಿಂದ ಹವಳ ಉಳಿಯಿತೆನ್ನುವಂತಿಲ್ಲ. 1998, 2010, 2016ರಲ್ಲಿ ಲಕ್ಷದ್ವೀಪದ ಕಡಲು ಬಿಸಿಯೇರಿ ಹವಳಗಳು ಬಿಳಿಚಿಕೊಂಡವು. ಮಾರುಕಟ್ಟೆಯ ಬುಟ್ಟಿಯನ್ನು ಕಾನೂನು ತಡೆದೀತು. ಕಡಲಿನ ಜ್ವರವನ್ನು ತಡೆಯುವುದು ಅಷ್ಟು ಸುಲಭವಲ್ಲ.

ಕೊನೆಗೊಂದು ರಾತ್ರಿಯ ಮಾತು. ಕಳೆದ ಮುಂಗಾರಿನ ಮೊದಲ ಬಿರುಮಳೆಗೆ ನಮ್ಮ ರಸ್ತೆಯ ಮರವೊಂದು ತಂತಿಯ ಮೇಲೆ ಬಿದ್ದು ವಿದ್ಯುತ್ತು ಹೋಯಿತು. ಪಂಪು ನಿಂತಿತು. ಬ್ಯಾಟರಿಯ ಗಾಳಿಯಂತ್ರ ಎರಡು ಗಂಟೆಯ ಮೇಲೆ ಸುಮ್ಮನಾಯಿತು. ನೀರಿನಲ್ಲಿ ಆಮ್ಲಜನಕ ಇಳಿಯತೊಡಗಿದರೆ ಮೀನು ಮಾತ್ರವಲ್ಲ, ಆ ಅಗೋಚರ ಕೆಲಸಗಾರರೂ ಸಾಯುತ್ತಾರೆ. ಹುಡುಗ ಅಳುವ ಮುಖ ಮಾಡಿ ನಿಂತ. ಆಗ ನನಗೆ ಲಂಡನ್ನಿನ ಆ ಕೆಲಸದವಳು ನೆನಪಾದಳು. ಒಳಗಿನಿಂದ ಒಂದು ಸ್ಟೀಲಿನ ಚೊಂಬು ತಂದೆ. ತೊಟ್ಟಿಯಿಂದ ನೀರು ಮೊಗೆದು, ಒಂದು ಮೊಳ ಎತ್ತರದಿಂದ ಮತ್ತೆ ತೊಟ್ಟಿಗೇ ಸುರಿದೆ. ನಾನು ಹತ್ತು ನಿಮಿಷ, ಹುಡುಗ ಹತ್ತು ನಿಮಿಷ, ಅವನ ತಾಯಿ ಹತ್ತು ನಿಮಿಷ. ಜನಕ್ಕಿಲ್ಲದ ನೀರು ಮೀನಿಗೇಕೆಂದು ಕೇಳಿದ್ದ ನನ್ನ ಮನೆಯವರೂ ಮೇಣದಬತ್ತಿ ಹಿಡಿದು ಕುಳಿತಿದ್ದು, ಆಮೇಲೆ ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡರು. ನಾಲ್ಕು ಗಂಟೆಗೆ ದೀಪ ಬಂತು. ಮೀನುಗಳು ಬದುಕಿದ್ದವು.

ಮರುದಿನ ತೋಳು ಎತ್ತಲಾಗಲಿಲ್ಲ. ಹುಡುಗ ಅಮೃತಾಂಜನ ಹಚ್ಚುತ್ತ, ‘ತಾತ, ಆ ಕೆಲಸದವಳು ದಿನವೂ ಹೀಗೆ ಮಾಡುತ್ತಿದ್ದಳೇ?’ ಎಂದ. ಹೌದೆಂದೆ. ಅವಳ ಹೆಸರೇನೆಂದು ಕೇಳಿದ. ಪುಸ್ತಕದಲ್ಲಿ ಬರೆದಿಲ್ಲವೆಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರೆಯಬೇಕಾಗಿತ್ತು’ ಎಂದ. ಇಷ್ಟು ವರ್ಷ ಪಾಠ ಹೇಳಿದ ನನಗೂ ಅದಕ್ಕಿಂತ ಹೆಚ್ಚಿನದೇನನ್ನೂ ಹೇಳಲು ತೋಚಲಿಲ್ಲ.